ದರ್ಜಿ ಮಹಿಳೆ ಹೇಳಿದ್ದು

ಅಮೆರಿಕದ ಮಿಷಿಗನ್‌ನಲ್ಲಿ 1895ರಲ್ಲಿ ಬಟ್ಟೆ ಹೊಲಿಯುವ ಮಹಿಳೆಯೊಬ್ಬಳು ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಲ್ಲಿ ಅಳಲು ತೋಡಿಕೊಂಡಳು: ಬಂಧುಗಳಲ್ಲಿ ಅನೇಕರು ಕರುಳು, ಜಠರ, ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಾರೆ, ತನಗೂ ಅದೇ ಗತಿ. ಹಾಗೆಯೇ ಆಯಿತು, ಗರ್ಭಕೋಶದ ಕ್ಯಾನ್ಸರ್ ಅವಳನ್ನು ಚಿಕ್ಕ ವಯಸ್ಸಿನಲ್ಲೇ ಬಲಿ ತೆಗೆದುಕೊಂಡಿತು.

ವಾರ್ಥಿನ್ ಆ ವಂಶದ ವಿವರಗಳನ್ನು 1913ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಇಂಥ ಇನ್ನಷ್ಟು ಕುಟುಂಬಗಳನ್ನು ಗುರುತಿಸಿದರು. 1993ರಲ್ಲಿ ಕಾರಣ ಸಿಕ್ಕಿತು: ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವ ಜೀನ್‌ಗಳಲ್ಲೇ ದೋಷ.

ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಿನವರಿಗೆ ಹೀಗೆ ಬರುವುದಿಲ್ಲ. ವಯಸ್ಸು, ತಂಬಾಕು, ಮದ್ಯ, ಬೊಜ್ಜು ಅದಕ್ಕೆ ದಾರಿ ಮಾಡುತ್ತವೆ. ಆದರೆ ವಂಶದ ಸುಳಿವು ಮೊದಲೇ ಸಿಕ್ಕರೆ, ಕೊಲೊನೊಸ್ಕೋಪಿಯಿಂದ ಕರುಳಿನ ಗಂಟುಗಳನ್ನು ಕ್ಯಾನ್ಸರಾಗುವ ಮುನ್ನವೇ ತೆಗೆಯಬಹುದು. ಮನೆಯ ಹಿರಿಯರು ಯಾವ ರೋಗದಿಂದ ತೀರಿಕೊಂಡರೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು.