ಮೋಶೆಯ ಕಾಲದಲ್ಲಿ ನಮ್ಮವರು ಎಲ್ಲಿದ್ದರು?



ವಾಸ್ಕೋದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಕನ್ನಡ ಕುಟುಂಬಗಳ ಮಕ್ಕಳಿಗೆ ಜ್ಞಾನೋಪದೇಶದ ತರಗತಿ ತೆಗೆದುಕೊಳ್ಳುವ ಅವಕಾಶ ನನಗೆ ಸಿಕ್ಕಿದೆ. ಕಳೆದ ತಪಸ್ಸುಕಾಲದಲ್ಲಿ ವಿಮೋಚನಾಕಾಂಡ ಓದಿಸುತ್ತಿದ್ದೆ. ಫರೋಹ, ಇಟ್ಟಿಗೆಯ ಬಿಟ್ಟಿಕೆಲಸ, ಕೆಂಪು ಸಮುದ್ರ ಎಲ್ಲ ಹೇಳಿ ಮುಗಿಸಿದಾಗ ಗದಗದ ಕಡೆಯ ಏಳನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಕ್ಕಾ, ಮೋಶೆ ಇದ್ದಾಗ ನಮ್ಮ ಮಂದಿ ಎಲ್ಲಿದ್ರು? ಆಗ ಕನ್ನಡ ಇತ್ತೇನು?"

"ಆಗ ಇಲ್ಲೆಲ್ಲ ಬರೀ ಕಾಡಿತ್ತು ಪುಟ್ಟಿ" ಎಂದು ಹೇಳಿ ಮುಂದಕ್ಕೆ ಹೋದೆ. ಅವಳು ಸುಮ್ಮನೆ ಕೂತಳು. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಚುಚ್ಚತೊಡಗಿತು. ಈಜಿಪ್ಟಿಗೆ ಇತಿಹಾಸ ಇದೆ, ನಿಮಗೆ ಇಲ್ಲ ಎಂದು ಹೇಳಿದ ಹಾಗಾಯಿತಲ್ಲ! ಆಮೇಲೆ ಕೆಲವು ತಿಂಗಳು ಓದಿದೆ, ಎರಡು ಕಡೆ ಹೋಗಿ ಕಣ್ಣಾರೆ ನೋಡಿಬಂದೆ. ಆ ಮಗುವಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈಜಿಪ್ಟಿನ ವಿಷಯ. ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ಇಸ್ರಯೇಲರೇ ಪಿರಮಿಡ್ ಕಟ್ಟಿದರು ಎಂದುಕೊಂಡಿದ್ದಾರೆ. ಸಿನಿಮಾ ನೋಡಿದ ಪರಿಣಾಮ. ಬೈಬಲ್ ಹಾಗೆ ಹೇಳುವುದೇ ಇಲ್ಲ. ವಿಮೋಚನಾಕಾಂಡದ ಮೊದಲ ಅಧ್ಯಾಯದಲ್ಲಿ ಇರುವುದು ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳು, ಮಣ್ಣು ಮತ್ತು ಇಟ್ಟಿಗೆಯ ಕೆಲಸ. ಗೀಜಾದ ಮಹಾ ಪಿರಮಿಡ್ ಕಲ್ಲಿನದು. ಖುಫು ಎಂಬ ಅರಸನಿಗಾಗಿ ಕ್ರಿ.ಪೂ. 2560ರ ಸುಮಾರಿಗೆ ಕಟ್ಟಿದ್ದು. ಅದರ ಹತ್ತಿರವೇ ಕೆಲಸಗಾರರ ಊರನ್ನು ಅಗೆದು ತೆಗೆದಿದ್ದಾರೆ, ಅವರಿಗೆ ರೊಟ್ಟಿ ಸುಡುತ್ತಿದ್ದ ಒಲೆಗಳೂ ಸಿಕ್ಕಿವೆ. ಮೋಶೆಯ ಕಾಲವೆಂದು ಅನೇಕ ವಿದ್ವಾಂಸರು ಊಹಿಸುವುದು ಎರಡನೇ ರಾಮ್ಸೇಸನ ಆಳ್ವಿಕೆಯನ್ನು, ಅಂದರೆ ಕ್ರಿ.ಪೂ. 1279ರಿಂದ 1213. ಆ ಹೊತ್ತಿಗೆ ಪಿರಮಿಡ್ಡಿಗೆ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿತ್ತು. ಮೋಶೆಗೂ ಅದು ಪುರಾತನ ಕಟ್ಟಡವೇ.

ಈಜಿಪ್ಟಿನ ಶಾಸನಗಳಲ್ಲಿ ಮೋಶೆಯ ಹೆಸರು ಸಿಕ್ಕಿಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡಬೇಕಾಗಿಲ್ಲ. ಆದರೆ ರಾಮ್ಸೇಸನ ಮಗ ಮೆರ್ನೆಪ್ತಾ ಕ್ರಿ.ಪೂ. 1208ರ ಸುಮಾರಿಗೆ ಬರೆಸಿದ ಕಲ್ಲಿನಲ್ಲಿ 'ಇಸ್ರಯೇಲ್' ಎಂಬ ಹೆಸರು ಇದೆ. ಬೈಬಲಿನ ಹೊರಗೆ ಆ ಹೆಸರು ಸಿಗುವ ಅತಿ ಹಳೆಯ ಬರಹ ಇದೇ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಫ್ಲಿಂಡರ್ಸ್ ಪೆಟ್ರಿ ಎಂಬ ಆಂಗ್ಲ ಸಂಶೋಧಕ 1896ರಲ್ಲಿ ಅದನ್ನು ಪತ್ತೆಹಚ್ಚಿದ.

ಈಗ ಆ ಹುಡುಗಿಯ ಪ್ರಶ್ನೆ. ರಾಮ್ಸೇಸ್ ಸತ್ತಾಗ ಅವನ ದೇಹವನ್ನು ಕೆಡದಂತೆ ಮಮ್ಮಿ ಮಾಡಿದರು. ಮೂರು ಸಾವಿರ ವರ್ಷಗಳ ನಂತರ ಅದನ್ನು ಪರೀಕ್ಷಿಸಿದಾಗ ಮೂಗಿನೊಳಗೆ ಕಾಳುಮೆಣಸು ಸಿಕ್ಕಿತು! ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಯಾವ ದಾರಿಯಲ್ಲಿ, ಎಷ್ಟು ಕೈ ದಾಟಿ ಹೋಯಿತೋ, ಅಂತೂ ಘಟ್ಟದ ಕಾಡಿನಲ್ಲಿ ಯಾರೋ ಬಳ್ಳಿಯಿಂದ ಬಿಡಿಸಿದ ಕಾಳು ಫರೋಹನ ಮೂಗಿನವರೆಗೆ ಹೋಗಿತ್ತು. 'ಬರೀ ಕಾಡಿತ್ತು' ಎಂದೆನಲ್ಲ, ಆ ಕಾಡಿನಲ್ಲೂ ಜನ ಇದ್ದರು.

ಘಟ್ಟದ ಮೇಲೆ ಬಳ್ಳಾರಿ, ರಾಯಚೂರು ಸೀಮೆಯಲ್ಲಂತೂ ಊರುಗಳೇ ಇದ್ದವು. ಬಳ್ಳಾರಿಯ ಪಕ್ಕದ ಸಂಗನಕಲ್ಲು ಬೆಟ್ಟಗಳಲ್ಲಿ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗಗಳು ಇಂದಿಗೂ ಕಾಣುತ್ತವೆ. ಅಲ್ಲಿನ ಜನ ದನ ಸಾಕುತ್ತಿದ್ದರು, ಹುರುಳಿ, ಹೆಸರು ಮತ್ತು ಕಿರುಧಾನ್ಯ ಬೆಳೆಯುತ್ತಿದ್ದರು. ಸಗಣಿಯನ್ನು ಒಟ್ಟಿ ಸುಟ್ಟುದರಿಂದ ಆದ ಬೂದಿದಿಬ್ಬಗಳು ಆ ಭಾಗದಲ್ಲಿ ಹಲವು ಕಡೆ ಇವೆ. ಬಂಡೆಯ ಮೇಲೆ ಇಣಿ ಗೂಳಿಗಳ ಚಿತ್ರ ಕುಟ್ಟಿದ್ದಾರೆ. ಈ ನವಶಿಲಾಯುಗದ ಕಾಲ ಕ್ರಿ.ಪೂ. 3000ದಿಂದ 1200ರವರೆಗೆ, ಅಂದರೆ ಪಿರಮಿಡ್ಡಿಗಿಂತ ಮೊದಲಿನಿಂದ ಹಿಡಿದು ರಾಮ್ಸೇಸನ ಕಾಲದವರೆಗೆ. ಫರೋಹ ಚಿನ್ನದ ತಟ್ಟೆಯಲ್ಲಿ ಉಣ್ಣುತ್ತಿದ್ದಾಗ ನಮ್ಮ ಕಡೆಯವರು ಹುರುಳಿ ಬೇಯಿಸಿ ಉಣ್ಣುತ್ತಿದ್ದರು. ಅವರು ಬರೆದಿಡಲಿಲ್ಲ, ಅಷ್ಟೇ.

ಗೋವಾದಲ್ಲೂ ಅಂಥದ್ದೇ ಗೂಳಿಗಳಿವೆ. ಸಾಂಗೆ ತಾಲೂಕಿನಲ್ಲಿ ರಿವೊಣ ದಾಟಿ ಹೋದರೆ ಕುಶಾವತಿ ನದಿಯ ದಂಡೆಯಲ್ಲಿ ಉಸ್ಗಾಳಿಮಳ್ ಎಂಬ ಜಾಗ ಸಿಗುತ್ತದೆ. ಮುರಕಲ್ಲಿನ ಹಾಸಿನ ಮೇಲೆ ಗೂಳಿ, ಜಿಂಕೆ, ಕುಣಿಯುವ ಹೆಂಗಸು, ಒಂದರೊಳಗೊಂದು ಸುತ್ತಿದ ವೃತ್ತಗಳ ಚಕ್ರವ್ಯೂಹ, ಹೀಗೆ ನೂರಕ್ಕೂ ಹೆಚ್ಚು ಚಿತ್ರಗಳನ್ನು ಕೊರೆದಿದ್ದಾರೆ. ಪುರಾತತ್ವದವರ ಗಮನಕ್ಕೆ ಬಂದದ್ದು 1993ರಲ್ಲಿ. ಊರಿನವರಿಗೆ ಮೊದಲೇ ಗೊತ್ತಿತ್ತು, ದನ ಕಾಯುವವರು ಬಿಡಿಸಿದ್ದು ಎನ್ನುತ್ತಿದ್ದರು. ನಾನು ಹೋದದ್ದು ಮಳೆಗಾಲ ಮುಗಿದ ಮೇಲೆ. ಬರಿಗಾಲಿನಲ್ಲಿ ಆ ಹಾಸಿನ ಮೇಲೆ ನಿಂತಾಗ ಒಂದು ಮಾತೂ ಹೊರಡಲಿಲ್ಲ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಮನುಷ್ಯನ ಕೈಕೆಲಸ ಎನ್ನುವುದಕ್ಕೆ ಯಾರೂ ಸಾಕ್ಷಿ ಹೇಳಬೇಕಾಗಿಲ್ಲ.

ಎರಡನೇ ಪ್ರಶ್ನೆ ಭಾಷೆಯದು. ಇಲ್ಲಿ ಕಥೆ ನಿಜವಾಗಿಯೂ ಈಜಿಪ್ಟಿಗೇ ಹೋಗುತ್ತದೆ.

ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ತರುಣರು 1896ರ ಚಳಿಗಾಲದಲ್ಲಿ ಅಲ್ಲಿಯ ತಿಪ್ಪೆಗಳನ್ನು ಅಗೆಯಲು ಶುರುಮಾಡಿದರು. ಅರಮನೆಯಲ್ಲ, ದೇವಸ್ಥಾನವಲ್ಲ, ಕಸದ ತಿಪ್ಪೆ! ಮಳೆ ಇಲ್ಲದ ನಾಡು, ಆದ್ದರಿಂದ ಜನ ಎಸೆದ ಪಪೈರಸ್ ಹಾಳೆಗಳು ಕೊಳೆಯದೆ ಉಳಿದಿದ್ದವು. ಲೆಕ್ಕದ ಚೀಟಿ, ಕಾಗದ ಪತ್ರ, ತೆರಿಗೆ ರಸೀದಿ, ನಾಟಕ ಎಲ್ಲ ಸೇರಿ ಸುಮಾರು 5 ಲಕ್ಷ ತುಣುಕು. ಮೊದಲ ಋತುವಿನಲ್ಲೇ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದ ಒಂದು ಹಾಳೆ ಸಿಕ್ಕಿತು, ಮೂರನೇ ಶತಮಾನದ್ದು. ಕ್ರಿಸ್ಮಸ್ ಹೊತ್ತಿಗೆ ನಾವು ಕೇಳುವ ಆ ವಂಶಾವಳಿಯೇ.

ಅದೇ ತಿಪ್ಪೆಯಿಂದ ಬಂದು 1903ರಲ್ಲಿ ಅಚ್ಚಾದ 413ನೇ ಸಂಖ್ಯೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದು ಎರಡನೇ ಶತಮಾನದ ಹಾಳೆ. ಕಾರಿಶನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ಅರಸನ ಕೈಗೆ ಸಿಕ್ಕಿ, ಅಲ್ಲಿಯ ದೇವಿಯ ಗುಡಿಯಲ್ಲಿ ಇದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ಅರಸನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಅಮಲಿನಲ್ಲಿ ಕುಣಿಯುತ್ತಿರುವಾಗ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಈ ನಾಟಕದಲ್ಲಿ ಭಾರತೀಯರು ಆಡುವ ಮಾತುಗಳು ಗ್ರೀಕ್ ಅಲ್ಲ. ಗ್ರೀಕ್ ಅಕ್ಷರದಲ್ಲಿ ಬರೆದ ಬೇರಾವುದೋ ಭಾಷೆ.

ಯಾವ ಭಾಷೆ? ಜರ್ಮನ್ ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ಇದು ಕನ್ನಡ ಇರಬಹುದು ಎಂದರು. 'ಬೇರೆ', 'ಕೊಂಚ', 'ಮಧು', 'ಪಾತ್ರ' ಮುಂತಾದ ಪದಗಳು ಅವರಿಗೆ ಅದರಲ್ಲಿ ಕೇಳಿಸಿದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಹುಲ್ಟ್ಶ್ ಅವರ ಜಾಡಿನಲ್ಲಿ ಮುಂದುವರಿದರು. ಇತಿಹಾಸಕಾರ ಸಾಲೆತ್ತೂರರು ಅದರಲ್ಲಿ ಉಡುಪಿಯ ಮಲ್ಪೆಯ ಹೆಸರನ್ನೇ ಕಂಡರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಓದುವಾಗ ನನಗೆ ಮೈ ಜುಮ್ಮೆಂದಿತು. ಮುಂದಿನ ಭಾನುವಾರವೇ "ಈಜಿಪ್ಟಿನಲ್ಲಿ ಕನ್ನಡ ಸಿಕ್ಕಿದೆ!" ಎಂದು ಮಕ್ಕಳಿಗೆ ಹೇಳಿಬಿಡೋಣ ಎನಿಸಿತು.

ಆದರೆ ಇನ್ನೊಂದು ಪಕ್ಷವೂ ಇದೆ. ಬಾರ್ನೆಟ್ ಎಂಬ ವಿದ್ವಾಂಸ 1926ರಲ್ಲಿ ಈ ವಾದವನ್ನು ಒಪ್ಪದೆ ಬರೆದರು. ಅದು ತುಳು ಎಂದವರೂ ಇದ್ದಾರೆ, ಜನರನ್ನು ನಗಿಸಲು ಬರೆದ ಬರಿ ಶಬ್ದಜಾಲ ಎಂದವರೂ ಇದ್ದಾರೆ. ನಾವೇ ಯೋಚಿಸಿದರೂ ತೊಡಕು ಕಾಣುತ್ತದೆ. ನಾವು ಇಂದು 'ಹಾಲು', 'ಹೂ' ಎನ್ನುತ್ತೇವೆ, ಹಳಗನ್ನಡದಲ್ಲಿ ಅವು 'ಪಾಲ್', 'ಪೂ'. ಸಾವಿರದ ಎಂಟುನೂರು ವರ್ಷ ಹಿಂದಿನ ಮಾತನ್ನು ಇಂದಿನ ಕನ್ನಡದಿಂದ ಬಿಡಿಸಹೊರಟರೆ ನಮಗೆ ಬೇಕಾದದ್ದೇ ಕೇಳಿಸುವ ಅಪಾಯವಿದೆ. ಕನ್ನಡದ ಹಳೆಯ ಶಾಸನವೆಂದು ಶಾಲೆಯಲ್ಲಿ ಓದಿದ ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು. ಪಪೈರಸ್ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಹೋಲಿಸಿ ನೋಡಲು ಆ ಕಾಲದ ಕನ್ನಡ ಬರಹ ನಮ್ಮಲ್ಲಿಲ್ಲ.

ಹಾಗಾದರೆ ಉಳಿದದ್ದೇನು? ಉಳಿದದ್ದೂ ಕಡಿಮೆಯೇನಲ್ಲ. ಈಜಿಪ್ಟಿನ ಒಂದು ಪಟ್ಟಣದ ಜನರಿಗೆ ಭಾರತದ ಕರಾವಳಿ ನಾಟಕದಲ್ಲಿ ತಮಾಷೆ ಮಾಡುವಷ್ಟು ಪರಿಚಯವಿತ್ತು. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಭಾರತದಿಂದ ಹೋದ ಏಳು ಕಿಲೋಗೂ ಹೆಚ್ಚು ಕಾಳುಮೆಣಸು ತುಂಬಿದ ಜಾಡಿ ಸಿಕ್ಕಿದೆ. ಹಡಗುಗಳು ಬೇಸಿಗೆಯ ಕೊನೆಯಲ್ಲಿ ಮುಂಗಾರಿನ ಗಾಳಿ ಹಿಡಿದು ಈ ಕಡೆ ಬರುತ್ತಿದ್ದವು, ಚಳಿಗಾಲದ ಗಾಳಿಯಲ್ಲಿ ಹಿಂದಿರುಗುತ್ತಿದ್ದವು. ಇದಕ್ಕೆ ಯಾರ ತಕರಾರೂ ಇಲ್ಲ.

ಹುಮ್ಮಸ್ಸು ಎಷ್ಟು ಇರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನನಗೆ ಕಲಿಸಿದವರು ಒಬ್ಬ ಗುರುಗಳು. ಫಾದರ್ ಹೆನ್ರಿ ಹೆರಾಸ್ ಅವರು 1888ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಯೇಸುಸಭೆಯ ಗುರು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1926ರಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆ ಕಟ್ಟಿದರು. 1929ರಲ್ಲಿ ನಮ್ಮ ಗೋವಾದ ಚಾಂದೋರಿಗೆ ಬಂದು ಅಗೆತ ನಡೆಸಿದರು. ಚಾಂದೋರ್ ಎಂದರೆ ಗೋವಾ ಕದಂಬರ ಹಳೆಯ ರಾಜಧಾನಿ ಚಂದ್ರಪುರ. ಅಲ್ಲಿ ಶಿವಾಲಯದ ಅವಶೇಷಗಳು ಇವೆ, ತಲೆಯಿಲ್ಲದ ನಂದಿ ಇಂದಿಗೂ ಕೂತಿದ್ದಾನೆ. ಕಾರ್ನಿವಲ್ ಹೊತ್ತಿಗೆ ಅದೇ ಊರಿನ ಕ್ರೈಸ್ತರು ಒನಕೆ ಹಿಡಿದು 'ಮುಸಳ್ ಖೇಳ್' ಆಡುತ್ತಾರೆ, ಪೋರ್ಚುಗೀಸರಿಗಿಂತ ಹಿಂದಿನ ವಿಜಯದ ನೆನಪು ಅದು ಎನ್ನುತ್ತಾರೆ.

ಆಮೇಲೆ ಹೆರಾಸರು ಸಿಂಧೂ ಲಿಪಿಯ ಬೆನ್ನು ಹತ್ತಿದರು. ಅದು ದ್ರಾವಿಡ ಭಾಷೆ ಎಂದರು. ದ್ರಾವಿಡರೇ ಸುಮೇರ್, ಈಜಿಪ್ಟ್‌ವರೆಗೆ ಹರಡಿದರು ಎಂದು 1953ರಲ್ಲಿ ದೊಡ್ಡ ಗ್ರಂಥ ಬರೆದರು. ಆ ದೊಡ್ಡ ಸಿದ್ಧಾಂತವನ್ನು ವಿದ್ವಾಂಸರು ಒಪ್ಪಲಿಲ್ಲ, ಲಿಪಿಯನ್ನು ಇಂದಿಗೂ ಯಾರೂ ಓದಿಲ್ಲ. ಆದರೆ ಮೀನಿನ ಗುರುತಿಗೆ 'ಮೀನ್' ಎಂದರೆ ಮೀನೂ ಹೌದು, ನಕ್ಷತ್ರವೂ ಹೌದು ಎಂದು ಅವರು ಕೊಟ್ಟ ಅರ್ಥವನ್ನು ಮುಂದಿನವರೂ ಬೆಳೆಸಿದರು. ಇಷ್ಟು ದೊಡ್ಡ ವಿದ್ವಾಂಸರು ಕಟ್ಟಿದ್ದರಲ್ಲೂ ಕಾಲು ಪಾಲು ನಿಂತಿತು, ಮುಕ್ಕಾಲು ಬಿತ್ತು. ಅದರಿಂದ ಅವರ ಗೌರವ ಕಡಿಮೆಯಾಗಲಿಲ್ಲ. ನಾವು ಮಾತ್ರ ಬಿದ್ದದ್ದನ್ನು ನಿಂತಿದೆ ಎಂದು ಮಕ್ಕಳಿಗೆ ಹೇಳಬಾರದು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಈಜಿಪ್ಟಿನ ಚಿತ್ರಲಿಪಿಯನ್ನು ಸಾವಿರಕ್ಕೂ ಹೆಚ್ಚು ವರ್ಷ ಯಾರಿಗೂ ಓದಲು ಬರುತ್ತಿರಲಿಲ್ಲ. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್ ಅದನ್ನು ಬಿಡಿಸಿದ. ರೊಸೆಟ್ಟಾ ಕಲ್ಲು ನೆರವಾಯಿತೆಂದು ನಾವೆಲ್ಲ ಓದಿದ್ದೇವೆ. ಅದರಷ್ಟೇ ನೆರವಾದದ್ದು ಕಾಪ್ಟಿಕ್ ಭಾಷೆ. ಫರೋಹರ ಭಾಷೆಯ ಕೊನೆಯ ರೂಪ ಅದು. ಮನೆ, ಸಂತೆಗಳಲ್ಲಿ ಅರಬ್ಬಿ ಬಂದ ಮೇಲೂ ಈಜಿಪ್ಟಿನ ಕ್ರೈಸ್ತರು ದೇವಾಲಯದ ಪ್ರಾರ್ಥನೆಯಲ್ಲಿ ಅದನ್ನು ಬಿಡಲಿಲ್ಲ. ಕಾಪ್ಟಿಕ್‌ನಲ್ಲಿ ಸೂರ್ಯನಿಗೆ 'ರೇ' ಎನ್ನುತ್ತಾರೆ. ಕಲ್ಲಿನ ಮೇಲೆ ಸೂರ್ಯನ ಚಿತ್ರ ಕಂಡಾಗ ಶಾಂಪೋಲಿಯನ್‌ಗೆ ಆ ಪದ ನೆನಪಾಗಿ 'ರಾಮ್ಸೇಸ್' ಎಂಬ ಹೆಸರನ್ನು ಓದಿದ. ಸಾಮಾನ್ಯ ಜನ ಪ್ರಾರ್ಥನೆಯಲ್ಲಿ ಉಳಿಸಿಕೊಂಡ ಒಂದು ಭಾಷೆ ಇಡೀ ನಾಗರಿಕತೆಯ ಬಾಗಿಲು ತೆರೆಯಿತು.

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ ಆಡುತ್ತಾರೆ. ಅದು ಒಳ್ಳೆಯದೇ. ಆದರೆ ಕನ್ನಡ ಓದಲು ಬರುವವರು ನನ್ನ ತರಗತಿಯಲ್ಲಿ ಬೆರಳೆಣಿಕೆಯಷ್ಟು. ಅವರಿಗೆ ಕನ್ನಡ ಉಳಿದಿರುವುದು ಅಜ್ಜಿಯ ಜೊತೆಯ ಮಾತಿನಲ್ಲಿ ಮತ್ತು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎನ್ನುವಾಗ. ಇದನ್ನು ಅಲ್ಪವೆಂದುಕೊಳ್ಳುತ್ತಿದ್ದೆ, ಈಗ ಹಾಗೆ ಅನಿಸುವುದಿಲ್ಲ.

ಮೊನ್ನೆ ಆ ಹುಡುಗಿಯನ್ನು ಕರೆದು, "ನಾನು ಅವತ್ತು ತಪ್ಪು ಹೇಳಿದೆ ಪುಟ್ಟಿ" ಎಂದು ಮೆಣಸಿನಿಂದ ಹಿಡಿದು ಎಲ್ಲ ಹೇಳಿದೆ. ಪಪೈರಸ್ಸಿನ ವಿಷಯಕ್ಕೆ ಬಂದಾಗ, "ಅದು ಕನ್ನಡನೋ ಅಲ್ಲೋ?" ಎಂದು ಪಟ್ಟು ಹಿಡಿದಳು. "ಇನ್ನೂ ತೀರ್ಮಾನ ಆಗಿಲ್ಲ" ಎಂದೆ. "ಹಂಗಾದ್ರ ನಾನಾ ಓದಿ ಹೇಳ್ತೀನಿ" ಎಂದಳು. ಅದಕ್ಕೆ ಮೊದಲು ಕನ್ನಡ ಅಕ್ಷರ ಕಲಿಯಬೇಕಲ್ಲ! ಮುಂದಿನ ಭಾನುವಾರದಿಂದ ಜ್ಞಾನೋಪದೇಶದ ನಂತರ ಅರ್ಧ ಗಂಟೆ ಕಾಗುಣಿತ ಶುರುಮಾಡುತ್ತಿದ್ದೇವೆ. ಬಿಡುವಿರುವ ಯುವಮಿತ್ರರು ಕಲಿಸಲು ಬನ್ನಿ. ಮಳೆ ನಿಂತ ಮೇಲೆ ಎಲ್ಲರೂ ಸೇರಿ ಚಾಂದೋರಿಗೂ ಉಸ್ಗಾಳಿಮಳಿಗೂ ಹೋಗಿಬರೋಣ. ಬುತ್ತಿ ಮನೆಯಿಂದಲೇ ತನ್ನಿ.