ಸತ್ತ ದೊರೆಯ ಶಕೆ

ಕ್ಯಾಸ್ಪಿಯನ್ ಸಮುದ್ರಕ್ಕೂ ಅಲ್ಬೋರ್ಜ್ ಪರ್ವತಸಾಲಿಗೂ ನಡುವೆ ಮಳೆ ಸುರಿಯುವ, ದಟ್ಟ ಕಾಡಿನ ಒಂದು ಪಟ್ಟಿಯಿದೆ. ಇಂದಿನ ಇರಾನಿನ ಮಾಜಂದರಾನ್, ಅಂದಿನ ತಬರಿಸ್ತಾನ. ಸಸಾನಿ ವಂಶದ ಕೊನೆಯ ದೊರೆ ಮೂರನೆಯ ಯಜ್ದಗಿರ್ದ್ 651ರಲ್ಲಿ ಮರ್ವ್ ಬಳಿ ಕೊಲೆಯಾದ. ಅಷ್ಟು ಹೊತ್ತಿಗೆ ಇರಾನಿನ ಬಹುಭಾಗ ಖಲೀಫರ ಕೈಸೇರಿತ್ತು. ಈ ಪಟ್ಟಿಯಲ್ಲಿ ಮಾತ್ರ ದಾಬುಯಿ ಮನೆತನದವರು ಇನ್ನೂ ನೂರು ವರ್ಷ ಜಗ್ಗದೆ ಕೂತರು. ಮನೆತನದ ಯಜಮಾನನಿಗೆ ಇಸ್ಪಹ್ಬದ್ ಎಂಬ ಹಳೆಯ ಸೇನಾಪತಿಯ ಬಿರುದು. ಕೊನೆಯ ಇಸ್ಪಹ್ಬದ್ ಖುರ್ಶೀದ್. ಅವನ ಕೋಟೆ ಬಿದ್ದದ್ದು ಹೇಗೆ ಎಂದು ತಿಳಿಯುವ ಆಸೆಯಿಂದ ನಾನು ಈ ಕಡತಗಳಿಗೆ ಕೈಹಾಕಿದೆ.

ಮೊದಲ ಸಾಕ್ಷಿ ಇತಿಹಾಸಕಾರ ತಬರಿ. ಅವನ ಬೃಹತ್ ಇತಿಹಾಸದ ಇಂಗ್ಲಿಷ್ ಅನುವಾದ 40 ಸಂಪುಟಗಳಲ್ಲಿದೆ. ನಮಗೆ ಬೇಕಾದದ್ದು 28ನೆಯದು. ಅಬ್ಬಾಸಿ ಖಲೀಫ ಮನ್ಸೂರನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಆಗ ಅಬುಲ್ ಖಸೀಬ್ ಎಂಬ ಅಧಿಕಾರಿ ತನ್ನವರಿಂದಲೇ ಹೊಡೆಸಿಕೊಂಡು, ತಲೆ ಗಡ್ಡ ಬೋಳಿಸಿಕೊಂಡು, ಅವಮಾನಿತನ ವೇಷದಲ್ಲಿ ಖುರ್ಶೀದನ ಆಶ್ರಯ ಬೇಡುತ್ತಾನೆ. ನಂಬಿದ ಖುರ್ಶೀದ್ ಅವನನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತಾನೆ. ಕೋಟೆಯ ಬಾಗಿಲೆಂದರೆ ಹಲವು ಆಳುಗಳು ಸೇರಿ ಎತ್ತಬೇಕಾದ ಒಂದೇ ಕಲ್ಲು. ಅದರ ಕಾವಲು ಕೊನೆಗೆ ಈ ಆಶ್ರಿತನ ಪಾಲಿಗೇ ಬರುತ್ತದೆ. ಮುಂದಿನದನ್ನು ಓದುಗರೇ ಊಹಿಸಬಹುದು. ಮಡದಿ ಮಕ್ಕಳು ಸೆರೆಯಾದರೆಂದು ತಿಳಿದಾಗ ಖುರ್ಶೀದ್ ಉಂಗುರದಲ್ಲಿಟ್ಟಿದ್ದ ವಿಷ ಹೀರಿ ಸತ್ತ.

ಕಥೆ ಚೆನ್ನಾಗಿದೆ; ಅದಕ್ಕೇ ನನಗೆ ಅನುಮಾನ ಬಂತು. ಈ ಅಬುಲ್ ಖಸೀಬ್ ಮುಂದೆ ಏನಾದ ಎಂದು ಹುಡುಕಿದರೆ, ತಬರಿಸ್ತಾನದ ಮೊದಲ ಅಬ್ಬಾಸಿ ರಾಜ್ಯಪಾಲ ಅವನೇ, ಮನ್ಸೂರನ ದರ್ಬಾರಿನ ದ್ವಾರಾಧಿಕಾರಿಯೂ ಅವನೇ. ಬೋಳುತಲೆಯ ಸಾಹಸದಿಂದ ಯಾರ ಹೆಸರು ಬೆಳಗಿತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎರಡನೆಯ ಸಾಕ್ಷಿ ಇಬ್ನ್ ಇಸ್ಫಂದಿಯಾರ್. 13ನೆಯ ಶತಮಾನದ ಆರಂಭದಲ್ಲಿ ಪಾರ್ಸಿ ಭಾಷೆಯಲ್ಲಿ ತಬರಿಸ್ತಾನದ ಇತಿಹಾಸ ಬರೆದವನು. ಈತನ ಮೇಲೆ ನನಗೆ ವಿಶೇಷ ಪ್ರೀತಿ, ಏಕೆಂದರೆ ಈತನೂ ಕಡತ ಕೆದಕುವ ಜಾತಿಯವನೇ. ರಯ್ ಪಟ್ಟಣದ ಗ್ರಂಥಭಂಡಾರದಲ್ಲಿ ತನ್ನ ನಾಡಿನ ಅರಸರ ಬಗ್ಗೆ ಹಳೆಯ ಹಾಳೆಗಳನ್ನು ಕಂಡ. ಖ್ವಾರಜಮ್‌ನ ಪುಸ್ತಕದಂಗಡಿಯಲ್ಲಿ ಸಸಾನಿ ಕಾಲದ್ದೆನ್ನುವ ಪತ್ರವೊಂದರ ಅರಬ್ಬಿ ಅನುವಾದವನ್ನು ಕಂಡು, ಅದನ್ನೂ ತನ್ನ ಗ್ರಂಥಕ್ಕೆ ಸೇರಿಸಿದ. 1905ರಲ್ಲಿ ಇ. ಜಿ. ಬ್ರೌನ್ ಇದನ್ನು ಇಂಗ್ಲಿಷಿಗೆ ಸಂಗ್ರಹಿಸಿ ಕೊಟ್ಟರು. ಇವನ ಪ್ರಕಾರ ಖುರ್ಶೀದ್ ತನ್ನ ಮನೆಯವರನ್ನು ಬೆಟ್ಟದ ಗುಹಾಕೋಟೆಯಲ್ಲಿ ಇರಿಸಿ, ಸೈನ್ಯ ಕೂಡಿಸಲು ಪಕ್ಕದ ದೈಲಮ್ ಸೀಮೆಗೆ ಹೋಗಿದ್ದ. ಮುತ್ತಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಒಳಗೆ ಸಾಂಕ್ರಾಮಿಕ ರೋಗ ಹಬ್ಬಿ ಹೆಣಗಳು ಬಿದ್ದಾಗ ಉಳಿದವರು ಶರಣಾದರು. ಇಲ್ಲಿ ಕೋಟೆ ಗೆದ್ದದ್ದು ರೋಗ, ಯಾವ ಶತ್ರುವೂ ಅಲ್ಲ. ಸ್ಥಳೀಯ ಅಭಿಮಾನ ಬಯಸುವುದೂ ಇದನ್ನೇ. ಸವಾದ್‌ಕೂಹ್ ಬೆಟ್ಟಗಳಲ್ಲಿ ಅಗಲ ಬಾಯಿಯ ಗುಹೆಯೊಂದನ್ನು ಜನ ಇಂದಿಗೂ ಖುರ್ಶೀದನ ಹೆಸರಿನಿಂದಲೇ ಕರೆಯುತ್ತಾರೆ.

ಎರಡು ಕಥೆಗಳೂ ಕೂಡುವ ಜಾಗ ವಿಷ ಒಂದೇ. ಕಾಲ ಸುಮಾರು 760.

ಹಾಗೆಂದು ಖುರ್ಶೀದನನ್ನು ಕಳಂಕವಿಲ್ಲದ ವೀರನನ್ನಾಗಿ ಮಾಡಲು ದಾಖಲೆ ಬಿಡುವುದಿಲ್ಲ. 755ರಲ್ಲಿ ಮನ್ಸೂರ್ ತನ್ನ ಸೇನಾನಿ ಅಬು ಮುಸ್ಲಿಮನನ್ನು ಕೊಲ್ಲಿಸಿದಾಗ, ಸೇಡಿಗಾಗಿ ಸುನ್ಬಾದ್ ಎಂಬ ಇರಾನಿ ದಂಗೆಯೆದ್ದ. ಸೋತು ತಬರಿಸ್ತಾನಕ್ಕೆ ಓಡಿಬಂದ ಅವನನ್ನು ಖುರ್ಶೀದನ ಬಂಧುವೊಬ್ಬ ಕೊಂದ. ಖುರ್ಶೀದ್ ತಲೆಯನ್ನು ಖಲೀಫನಿಗೆ ಕಳಿಸಿದ, ಅವನ ಜೊತೆ ಬಂದಿದ್ದ ಅಬು ಮುಸ್ಲಿಮನ ಖಜಾನೆಯನ್ನು ಇಟ್ಟುಕೊಂಡ. ಖಲೀಫನ ಜೊತೆ ಜಗಳ ಹತ್ತಿಕೊಂಡದ್ದು ಈ ಖಜಾನೆಯಿಂದ. ಕಪ್ಪ ಕಟ್ಟುವುದು, ಕಪ್ಪ ನಿಲ್ಲಿಸುವುದು, ತಲೆ ಕೊಟ್ಟು ಹಣ ಉಳಿಸಿಕೊಳ್ಳುವುದು: ಈ ಮನೆತನದ ಪ್ರತಿರೋಧ ನಡೆದದ್ದು ಹೀಗೆ.

ಬರಹಗಾರರ ಸಾಕ್ಷ್ಯ ಇಷ್ಟಕ್ಕೆ ನಿಂತಾಗ ನಾಣ್ಯಗಳ ಕಡೆ ತಿರುಗಿದೆ. ಜಾನ್ ವಾಕರ್ 1941ರಲ್ಲಿ ಹೊರತಂದ ಬ್ರಿಟಿಷ್ ಮ್ಯೂಸಿಯಂ ಸೂಚಿಯಲ್ಲಿ ತಬರಿಸ್ತಾನದ ಬೆಳ್ಳಿ ನಾಣ್ಯಗಳಿವೆ. ಸುಮಾರು 2 ಗ್ರಾಂ ತೂಕ, ಸಸಾನಿ ದ್ರಮ್ಮದ ಅರ್ಧ. ಒಂದು ಮುಖದಲ್ಲಿ ರೆಕ್ಕೆಯ ಕಿರೀಟ ತೊಟ್ಟ ದೊರೆ, ಹಿಂಬದಿಯಲ್ಲಿ ಅಗ್ನಿವೇದಿಕೆ ಮತ್ತು ಇಬ್ಬರು ಪರಿಚಾರಕರು. ಬರಹ ಪಹ್ಲವಿ ಲಿಪಿಯಲ್ಲಿ. ಇಸವಿಯನ್ನು ಯಜ್ದಗಿರ್ದನ ಸಾವಿನಿಂದ ಎಣಿಸಿದ್ದಾರೆ. ನಮ್ಮ ದೇಶದ ಪಾರ್ಸಿಗಳ ಪಂಚಾಂಗ ಅದೇ ದೊರೆ 632ರಲ್ಲಿ ಪಟ್ಟವೇರಿದ್ದರಿಂದ ಎಣಿಸುತ್ತದೆ. ತಬರಿಸ್ತಾನದವರು ಸಾವಿನಿಂದ ಎಣಿಸಿದರು. ಖಲೀಫರ ಹಿಜರಿ ಇಸವಿಗೆ ಟಂಕಸಾಲೆಯಲ್ಲಿ ಜಾಗವೇ ಇಲ್ಲ. ಖುರ್ಶೀದನ ಹೆಸರು ಮೊದಲು ಕಾಣುವುದು 89ನೆಯ ವರ್ಷದಲ್ಲಿ, ಅಂದರೆ 740ರಲ್ಲಿ. ಆಗ ಅವನು ಬಾಲಕ, ಆಡಳಿತ ಚಿಕ್ಕಪ್ಪನದು ಎನ್ನುತ್ತಾನೆ ಇಬ್ನ್ ಇಸ್ಫಂದಿಯಾರ್. ಆದರೆ ಚಿಕ್ಕಪ್ಪ ನಾಣ್ಯದ ಮೇಲೆ ತನ್ನ ಹೆಸರು ಹಾಕಿಸಲಿಲ್ಲ.

ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಸೋಲಿನ ನಂತರದ ನಾಣ್ಯಗಳು. 770ರ ದಶಕದಲ್ಲಿ ಉಮರ್ ಇಬ್ನುಲ್ ಅಲಾ ರಾಜ್ಯಪಾಲ; ಇತಿಹಾಸಕಾರ ಬಲಾಜುರಿಯ ಪ್ರಕಾರ ಮೂಲದಲ್ಲಿ ರಯ್ ಪಟ್ಟಣದ ಕಟುಕ. ಅವನ ಹೆಸರು ಮೊದಲು ಪಹ್ಲವಿಯಲ್ಲಿ, ಆಮೇಲೆ ಅರಬ್ಬಿಯಲ್ಲಿ ಬಂತು. ದೊರೆಯ ಮುಖ, ಅಗ್ನಿವೇದಿಕೆ, ಸತ್ತ ಯಜ್ದಗಿರ್ದನ ಶಕೆ ಒಂದೂ ಬದಲಾಗಲಿಲ್ಲ. ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ತೀರಿಹೋದ ಷಾ ಆಲಂನ ಹೆಸರಿನಲ್ಲಿ 1835ರವರೆಗೂ ರೂಪಾಯಿ ಹೊಡೆಸಿದ್ದು ನೆನಪಾಗುತ್ತದೆ. ಅಧಿಕಾರ ಕಸಿದುಕೊಂಡವರಿಗೂ ಸಂತೆಯಲ್ಲಿ ಹಳೆಯ ನಂಬಿಕೆ ಬೇಕಾಗುತ್ತದೆ.

ಈ ಮುಖದ ಮೇಲೆ ಕೈಮಾಡಿದವನು ಒಬ್ಬ ಸಿಗುತ್ತಾನೆ, ಸುಲೈಮಾನ್ ಎಂಬ ರಾಜ್ಯಪಾಲ. 137ನೆಯ ವರ್ಷದ, ಅಂದರೆ 788ರ ಅವನ ನಾಣ್ಯದಲ್ಲಿ ಕಿರೀಟ ಹಾಗೇ ಇದೆ. ಮುಖವಿರಬೇಕಾದಲ್ಲಿ ವಜ್ರಾಕೃತಿಯ ಚೌಕಟ್ಟು, ಅದರೊಳಗೆ ಒಂದು ಅರಬ್ಬಿ ಪದ. ಧರ್ಮಶ್ರದ್ಧೆಯಿಂದ ಹೀಗೆ ಮಾಡಿರಬಹುದು. ಅವನ ಬೆನ್ನಿಗೇ ಬಂದ ಹಾನಿ ಎಂಬವನು ಆ ಚೌಕಟ್ಟನ್ನು ತೆಗೆಸಿ, ಇಸ್ಪಹ್ಬದರ ಕಾಲದ ಮುಖವನ್ನೇ ಮತ್ತೆ ಕೆತ್ತಿಸಿದ. ಮುಖವಿಲ್ಲದ ಬೆಳ್ಳಿಯನ್ನು ತಬರಿಸ್ತಾನದ ವರ್ತಕರು ಅನುಮಾನದಿಂದ ನೋಡಿರಬೇಕು ಎಂಬುದು ನನ್ನ ಊಹೆ.