ಎಪ್ಪತ್ತೆರಡರಲ್ಲೊಂದು ಪಾಲು: ಯುದ್ಧವಿಮಾನದ ಪ್ರತಿಕೃತಿ ಮತ್ತು ಅದರ ವರ್ಣವಿಚಾರ

ಎರಡನೆಯ ಮಹಾಯುದ್ಧದಲ್ಲಿ ಆಂಗ್ಲರ ಆಕಾಶವನ್ನು ಕಾದ ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳು ತುದಿಯಿಂದ ತುದಿಗೆ 36 ಅಡಿ 10 ಅಂಗುಲವಿದ್ದುವು. ಅದನ್ನೇ ಎಪ್ಪತ್ತೆರಡರಲ್ಲೊಂದು ಪಾಲಿಗೆ ಇಳಿಸಿ ಪ್ರತಿಕೃತಿಯನ್ನು ರಚಿಸಿದರೆ ಆರಂಗುಲಕ್ಕೆ ತುಸು ಮೀರಿದ ವಸ್ತುವೊಂದು ಅಂಗೈಯಲ್ಲಿ ನಿಲ್ಲುವುದು. ಆರಡಿಗೆ ಒಂದಂಗುಲವೆಂಬ ಈ ಪ್ರಮಾಣವನ್ನು ರೂಢಿಗೆ ತಂದವು, 1930ರ ದಶಕದ ಆದಿಯಲ್ಲಿ ಜೇಮ್ಸ್ ಹೇ ಸ್ಟೀವನ್ಸ್ ರೂಪಿಸಿದ ‘ಸ್ಕೈಬರ್ಡ್ಸ್’ ಎಂಬ ಮರದ ಮಾದರಿಗಳು. 1936ರಲ್ಲಿ ಬಂದ ಫ್ರಾಗ್ ಸಂಸ್ಥೆಯ ‘ಪೆಂಗ್ವಿನ್’ ಮಾದರಿಗಳು ಅದೇ ಪ್ರಮಾಣವನ್ನು ಅಂಗೀಕರಿಸಿ, ಮರವನ್ನು ಬಿಟ್ಟು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿಗೆ ಕೈಹಾಕಿದವು; ಆ ದ್ರವ್ಯವು ಕಾಲಕ್ರಮದಲ್ಲಿ ಡೊಂಕಾಗುವ ಸ್ವಭಾವದ್ದಾದ ಕಾರಣ, ಅಂದಿನ ಮಾದರಿಗಳು ರೆಕ್ಕೆ ಸೊಟ್ಟಗಾಗದೆ ಉಳಿದಿರುವುದು ವಿರಳ.

ವಿನೋದದ ಈ ವಸ್ತುವಿಗೆ ಗುರುತರವಾದ ಪ್ರಯೋಜನವೊಂದು ಯುದ್ಧದಿಂದ ಒದಗಿತು. ದೂರದಲ್ಲಿ ಹಾರುವ ವಿಮಾನ ಸ್ವಪಕ್ಷದ್ದೋ ಶತ್ರುಪಕ್ಷದ್ದೋ ಎಂದು ಕ್ಷಣಮಾತ್ರದಲ್ಲಿ ನಿರ್ಣಯಿಸಬೇಕಾದ ಸೈನಿಕನಿಗೆ ಪುಸ್ತಕದ ಚಿತ್ರ ಸಾಲದು. ಎಲ್ಲ ಕೋನಗಳಿಂದಲೂ ತಿರುಗಿಸಿ ನೋಡಬಲ್ಲ ಘನರೂಪವೇ ಬೇಕು. ಆದಕಾರಣ 1942ರ ಆದಿಯಲ್ಲಿ ಅಮೆರಿಕದ ನೌಕಾಪಡೆಯು ತನ್ನ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ ಐದು ಲಕ್ಷ ಮಾದರಿಗಳನ್ನು ಬಯಸಿತು. ಮಕ್ಕಳು ಮರದ ತುಂಡನ್ನು ಕೆತ್ತಿ, ನಕ್ಷೆಯ ಅಚ್ಚಿಗೆ ಹಿಡಿದು ನೋಡಿ, ಉಪ್ಪುಕಾಗದದಿಂದ ಉಜ್ಜಿ, ಕಡೆಗೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಆಕಾಶದ ಬೆಳಕಿಗೆ ಎದುರಾಗಿ ಕಾಣುವುದು ಹೊರರೇಖೆಯೊಂದೇ ಆದ್ದರಿಂದ ಬೇರೆ ವರ್ಣಕ್ಕೆ ಅಲ್ಲಿ ಎಡೆಯಿರಲಿಲ್ಲ. ಎಪ್ಪತ್ತೆರಡರ ಪ್ರಮಾಣವು ಇಲ್ಲಿ ಗಣಿತವಾಗಿಯೂ ಸಾರ್ಥಕವಾಯಿತು. 35 ಅಡಿ ದೂರದಲ್ಲಿ ತೂಗಿಬಿಟ್ಟ ಮಾದರಿಯು, ಸರಿಸುಮಾರು ಅರ್ಧ ಮೈಲಿಯಾಚೆಯ ನಿಜವಿಮಾನವು ತೋರುವಷ್ಟೇ ಗಾತ್ರವಾಗಿ ತೋರುವುದು. ಇಂದು ಮಾದರಿಕಾರರು ನಿರ್ವಿಚಾರವಾಗಿ ಒಪ್ಪಿಕೊಂಡಿರುವ ಪ್ರಮಾಣಕ್ಕೆ ಅಷ್ಟು ವ್ಯಾಪಕವಾದ ಪ್ರತಿಷ್ಠೆಯನ್ನು ತಂದವರಲ್ಲಿ ಈ ಅನಾಮಧೇಯ ಬಾಲಕರೂ ಸೇರಿದ್ದಾರೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಯುದ್ಧಾನಂತರದ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಹಂಗೆರಿಯಿಂದ ಬಂದ ನಿಕೊಲಸ್ ಕೋವ್ 1939ರಲ್ಲಿ ಸ್ಥಾಪಿಸಿದ ಏರ್‌ಫಿಕ್ಸ್ ಸಂಸ್ಥೆಯು 1953ರಲ್ಲಿ ಪಾಲಿಸ್ಟೈರೀನಿನ ಸ್ಪಿಟ್‌ಫೈರನ್ನು ಹೊರತಂದು ಅಲ್ಪ ಬೆಲೆಗೆ ಮಾರಿತು. ಆ ಮೊದಲ ಮಾದರಿಯ ಆಕಾರದಲ್ಲಿ ದೋಷಗಳು ಹಲವಾಗಿದ್ದರೂ, ಅದು ಒಂದು ತಲೆಮಾರಿನ ಹುಡುಗರ ಕೈಗೆ ಅಂಟನ್ನೂ ಕುಂಚವನ್ನೂ ಕೊಟ್ಟಿತು.

ಆಕಾರದ ಸಮಸ್ಯೆ ಅಚ್ಚಿನೊಡನೆ ಬಹುಮಟ್ಟಿಗೆ ಮುಗಿಯುವುದು. ವರ್ಣದ ಸಮಸ್ಯೆಯಾದರೋ ಅಲ್ಲಿಂದಲೇ ಆರಂಭವಾಗುವುದು. ನನ್ನ ಮತದಲ್ಲಿ ಈ ಕಲೆಯನ್ನು ಇತಿಹಾಸಶೋಧನೆಯ ಅಂಗವಾಗಿ ಪರಿಗಣಿಸಬೇಕಾದುದು ಇದರಿಂದಲೇ. ಯುದ್ಧವಿಮಾನಕ್ಕೆ ‘ಅದರ ಬಣ್ಣ’ ಎಂಬುದು ಇಲ್ಲ. ಇಂಥ ದಳದಲ್ಲಿ, ಇಂಥ ತಿಂಗಳಲ್ಲಿ ಇದ್ದ ಬಣ್ಣವೆಂಬುದು ಮಾತ್ರ ಉಂಟು. ಕನ್ನಡಿಗರಿಗೆ ಸಮೀಪವಾದ ನಿದರ್ಶನವನ್ನೇ ತೆಗೆದುಕೊಳ್ಳೋಣ. ಬ್ರಿಟಿಷ್ ವಾಯುಪಡೆಯ 129ನೆಯ ದಳವು ‘ಮೈಸೂರು ದಳ’ವೆಂಬ ಹೆಸರನ್ನು ಪಡೆದು, ಗಂಡಭೇರುಂಡವನ್ನೇ ತನ್ನ ಲಾಂಛನವಾಗಿ ಧರಿಸಿ, 1941ರ ಜೂನಿನಲ್ಲಿ ಲೆಕನ್‌ಫೀಲ್ಡ್ ಎಂಬಲ್ಲಿ ಸ್ಪಿಟ್‌ಫೈರುಗಳೊಡನೆ ರೂಪುಗೊಂಡಿತು. ಆ ಜೂನಿನ ವಿಮಾನವನ್ನು ರಚಿಸುವವನು ಮೇಲ್ಮೈಗೆ ಮಣ್ಣಿನ ಕಂದನ್ನೂ ಕಡುಹಸುರನ್ನೂ, ಕೆಳಮೈಗೆ ಹಸುರುಛಾಯೆಯ ‘ಸ್ಕೈ’ ಎಂಬ ತೆಳುಬಣ್ಣವನ್ನೂ ಬಳಿಯತಕ್ಕದ್ದು. ಎರಡೇ ತಿಂಗಳು ಕಳೆದು ಆಗಸ್ಟಿನ ಆದೇಶ ಬಂದಾಗ, ಭೂಮಿಯನ್ನು ಕಾಯುತ್ತಿದ್ದ ವಿಮಾನಗಳು ಕಡಲನ್ನು ದಾಟಿ ಫ್ರಾನ್ಸಿನ ಮೇಲೆ ಹೋರಾಡತೊಡಗಿದ್ದ ಕಾರಣ, ಮಣ್ಣಿನ ಬಣ್ಣವು ನಿಷ್ಪ್ರಯೋಜಕವಾಗಿ ಅದರ ಸ್ಥಾನಕ್ಕೆ ಸಮುದ್ರದ ಬೂದುಬಣ್ಣ ಬಂದಿತು. ಕೆಳಮೈಯೂ ಬೂದಿಗೆ ತಿರುಗಿತು. ರೆಕ್ಕೆಯ ಮುಂಚೂಣಿಯ ಅಂಚಿಗೆ ಹಳದಿ ಪಟ್ಟೆಯೊಂದು ಸೇರಿತು. ಬಾಲದ ಬಳಿ ಒಡಲನ್ನು ಸುತ್ತುವ ‘ಸ್ಕೈ’ ಬಣ್ಣದ ಪಟ್ಟಿ ಮಾತ್ರ ಮೊದಲಿನಂತೆಯೇ ಉಳಿಯಿತು. ನಿಜದಲ್ಲಿ 18 ಅಂಗುಲವಿದ್ದ ಅದು ಪ್ರತಿಕೃತಿಯಲ್ಲಿ ಸರಿಯಾಗಿ ಕಾಲಂಗುಲ. ಬಣ್ಣದ ಡಬ್ಬಿಯನ್ನು ತೆರೆಯುವ ಮುನ್ನ ಪಂಚಾಂಗವನ್ನು ತೆರೆಯಬೇಕಾದ ಕಲೆಯಿದು.

ಛಾಯಾಚಿತ್ರವೇ ಪ್ರಮಾಣವಾಗಲಾರದೆ ಎಂದು ಕೇಳುವವರುಂಟು. ಅಂದಿನ ಬಹುತೇಕ ಚಿತ್ರಗಳು ಕಪ್ಪುಬಿಳುಪಿನವು. ಅವುಗಳಲ್ಲಿಯೂ ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಕೆಂಪನ್ನು ಗ್ರಹಿಸಲಾರದೆ, ಹಳದಿಯನ್ನು ಅರೆಬರೆಯಾಗಿ ಗ್ರಹಿಸಿ, ಎರಡನ್ನೂ ಕಪ್ಪಾಗಿಸುವುದು. ವಿಮಾನದ ಒಡಲಿನ ಮೇಲಿನ ವರ್ತುಲಚಿಹ್ನೆಯ ಹೊರಸುತ್ತು ಉಜ್ಜ್ವಲವಾದ ಹಳದಿಯಾಗಿದ್ದರೂ, ಇಂಥ ಚಿತ್ರದಲ್ಲಿ ಕಪ್ಪು ಬಳೆಯಂತೆ ಕಾಣುವುದು. ಅದನ್ನು ನಂಬಿ ಕುಂಚವೆತ್ತಿದವನು ಇಲ್ಲದ ವಿಮಾನವನ್ನು ಸೃಷ್ಟಿಸುವನು. ಆದೇಶಪತ್ರ, ಉಳಿದ ಲೋಹದ ಚೂರು, ಛಾಯಾಚಿತ್ರ, ಈ ಮೂರನ್ನೂ ಒಂದಕ್ಕೊಂದು ಹೋಲಿಸಿಯೇ ನಿರ್ಣಯಿಸಬೇಕು. ಅಷ್ಟಾದ ಮೇಲೂ, ಕಾರ್ಖಾನೆಯ ಬಣ್ಣವನ್ನು ಯಥಾವತ್ತಾಗಿ ಆರಂಗುಲದ ಮಾದರಿಗೆ ಹಚ್ಚಿದರೆ ಅದು ಕಪ್ಪಿಟ್ಟಂತೆ ತೋರುವುದು. ದೂರದ ವಸ್ತುವಿನ ವರ್ಣವನ್ನು ನಡುವಣ ಗಾಳಿಯು ತಿಳಿಗೊಳಿಸುವುದರಿಂದ, ಅನುಭವಿಗಳು ಬಣ್ಣಕ್ಕೆ ತುಸು ಬಿಳಿ ಬೆರೆಸುವರು.

ಮೈಸೂರು ದಳವು 1944ರ ಏಪ್ರಿಲಿನಲ್ಲಿ ಮಸ್ಟಾಂಗ್ ವಿಮಾನಗಳನ್ನು ಪಡೆಯಿತು. ಜೂನಿನಲ್ಲಿ ನಾರ್ಮಂಡಿಯ ದಂಡಯಾತ್ರೆಯ ಮುನ್ನಾದಿನಗಳಲ್ಲಿ, ಮಿತ್ರಪಕ್ಷದ ವಿಮಾನವೆಂಬುದರ ಗುರುತಿಗಾಗಿ ರೆಕ್ಕೆಗೂ ಒಡಲಿಗೂ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಬೇಕೆಂದು ವಿಧಿಸಲಾಯಿತು. ವಿಮಾನನಿಲ್ದಾಣದ ಕೆಲಸಗಾರರು ಗುಟ್ಟು ಹೊರಬೀಳದಂತೆ ಕಡೆಯ ಗಳಿಗೆಯಲ್ಲಿ, ಸಿಕ್ಕ ಕುಂಚವನ್ನು ಹಿಡಿದು ಎಳೆದ ಈ ಪಟ್ಟೆಗಳು ಅನೇಕ ವಿಮಾನಗಳಲ್ಲಿ ಅಂಕುಡೊಂಕಾಗಿದ್ದುವು. ಅಂಟುಪಟ್ಟಿ ಹಚ್ಚಿ ಗೆರೆ ಎಳೆದಂತೆ ಅವನ್ನು ತಿದ್ದುವ ಮಾದರಿಕಾರನ ಹಸ್ತಕೌಶಲವನ್ನು ನಾನು ಮೆಚ್ಚುವೆನು. ಆದರೆ ಅಂಚು ಅದುರಿದ ಪಟ್ಟೆಯುಳ್ಳ ಪ್ರತಿಕೃತಿಯನ್ನೇ ಆ ಜೂನಿನ ಸಾಕ್ಷಿಯೆಂದು ಸ್ವೀಕರಿಸುವೆನು.